ಅಂಕಿತದ ಸಾಲು

"ಈ ಸುಳ್ಳು ನಾ ಹಾಡಂಗಿಲ್ಲರೀ ಮಾಸ್ತರ. ಬೇಕಾದ್ರ ನೀವ ಸೀರಿ ಉಟಗೊಂಡು ಹಾಡ್ರಿ."

ಜೋಳದ ದಂಟಿನ ಕೆಂಡದ ಮೇಲೆ ಡಪ್ಪು ಹಿಡಿದು ಕಾಯಿಸುತ್ತ, ತಲೆ ಎತ್ತದೆಯೇ ಅವಳು ಈ ಮಾತು ಹೇಳಿದಳು. ನಡುನಡುವೆ ಚರ್ಮದ ಮೇಲೆ ಬೆರಳು ಬಡಿದು ನೋಡುತ್ತಿದ್ದಳು. ಇನ್ನೂ ಬಿಗಿ ಬಂದಿರಲಿಲ್ಲ. ನನ್ನ ತಲೆ ಮಾತ್ರ ಅಷ್ಟರಲ್ಲೇ ಕಾದಿತ್ತು.

"ಸುಳ್ಳ? ಯಾವುದು ಸುಳ್ಳ?"

"ಭೂಮಿ ಹೊತ್ತಾಕಿ ನಾನ, ಆಕಾಶ ಹಡದಾಕಿ ನಾನ ಅಂತ ಬರದೀರಲ್ಲ. ನಾ ಹಡದದ್ದು ಒಂದ ಹೆಣ್ಣು ಕೂಸು. ಆಕಾಶ ಯಾವಾಗ ಹಡದ್ನಿ? ಸೂಲಗಿತ್ತಿ ಯಾರ ಬಂದಿದ್ಲು?"

ಹಿಂದೆ ಕೂತಿದ್ದ ಮಕ್ತುಮಸಾಬ ತಾಳ ಬಾಯಿಗೆ ಅಡ್ಡ ಹಿಡಿದು ನಕ್ಕ. ತುಂತುಣಿಯ ಬಾಳಪ್ಪನೂ ನಕ್ಕ. ಇಬ್ಬರೂ ನನ್ನ ಮೇಳದವರು, ನನ್ನ ಪದಗಳಿಗೆ ಗೀ ಗೀ ಎನ್ನುವವರು. ಅವಳ ಮಾತಿಗೆ ನಕ್ಕದ್ದು ನೋಡಿ ನನಗೆ ಮೈಯೆಲ್ಲ ಉರಿಯಿತು.

"ಅದು ನೀ ಅಲ್ಲ. ಆದಿಶಕ್ತಿ ಮಾತಾಡ್ತಾಳ ಅಲ್ಲಿ."

"ಹಂಗಾರ ಆಕೀನ್ನ ಕರಸ್ರಿ. ನಾ ಮನೀಗಿ ಹೋಗಿ ರೊಟ್ಟಿ ಮಾಡತೀನಿ."

"ಹದಿನಾಲ್ಕು ವರ್ಷ ಇಂಥಾವನ್ನ ಹಾಡೀದಿ, ಆವಾಗ ನಾಲಿಗಿ ಸುಡಲಿಲ್ಲ?"

"ಆವಾಗ ಹಾಡೂದಷ್ಟ ಮಾಡತಿದ್ನಿ. ಈಗ ಕೇಳಾಕ ಹತ್ತೀನಿ."

ಹಾಡುವವರಿಗೆ ಕೇಳುವ ರೋಗ ಬಂದರೆ ಮೇಳ ಕೆಟ್ಟಿತೆಂದೇ ತಿಳಿಯಬೇಕು. ಒಂದೊಂದು ಸಾಲಿಗೂ ನಿಲ್ಲುತ್ತಿದ್ದಳು. ಇದು ಯಾರ ಮಾತು, ಯಾವ ಹೆಣ್ಣು ಹೀಗೆ ಅಂತಾಳೆ, ಇದನ್ನು ನಾನು ಎಲ್ಲಿ ಕಂಡೀನಿ ಎಂದು ಕೇಳುತ್ತಿದ್ದಳು. ಪದವೆಂದರೆ ಕಚೇರಿಯಲ್ಲಿ ಆಣೆ ಮಾಡಿ ಕೊಡುವ ಸಾಕ್ಷಿಯೇ? ಹಾಗಂತ ಕೂಗಾಡಿದೆ. ಅವಳು ಡಪ್ಪು ತಿರುವಿ ಮತ್ತೊಂದು ಮಗ್ಗುಲು ಕಾಯಿಸತೊಡಗಿದಳು.

ಇದೆಲ್ಲ ಆಗಿ ಹನ್ನೆರಡು ವರ್ಷವಾಯಿತು. ಈಗ ನನ್ನ ಮೇಳವಿಲ್ಲ. ಅವಳ ಸುದ್ದಿಯೂ ಇಲ್ಲ. ಮಗಳ ಊರಿಗೆ ಹೋದಳೆಂದು ಕೆಲವರು ಹೇಳಿದರು, ಅಲ್ಲಿಗೆ ಹೋಗಿ ಕೇಳಿದರೆ ಎರಡು ದಿನ ಇದ್ದು ಹೋದಳೆಂದರು. ಹೇಳಿ ಹಗುರಾಗುವ ಆಸೆ ನನಗಿಲ್ಲ. ಆದರೆ ಊರಿನವರು ಈ ಕತೆಯನ್ನು ಒಬ್ಬೊಬ್ಬರು ಒಂದೊಂದು ರೀತಿ ಹೇಳಿಕೊಂಡು ತಿರುಗುತ್ತಾರೆ. ಕೇಳಿ ಕೇಳಿ ಬೇಸತ್ತು, ನಡೆದದ್ದನ್ನು ನಡೆದ ಹಾಗೆ ಬರೆಯಲು ಕೂತಿದ್ದೇನೆ.

ಗೀಗೀ ಮೇಳ ಕಂಡವರಿಗೆ ಗೊತ್ತಿರುವ ಸಂಗತಿಯೇ. ಕಾಣದವರಿಗಾಗಿ ಹೇಳುತ್ತೇನೆ. ಎರಡು ಮೇಳ ಎದುರುಬದುರು ನಿಂತು ಹಾಡಿನಲ್ಲಿ ವಾದ ಮಾಡುತ್ತವೆ. ಗಂಡು ಹೆಚ್ಚು ಅನ್ನುವವರು ಹರದೇಶಿ, ಹೆಣ್ಣು ಹೆಚ್ಚು ಅನ್ನುವವರು ನಾಗೇಶಿ. ನಮ್ಮದು ನಾಗೇಶಿ. ಮುಂದೆ ಒಬ್ಬರು ಡಪ್ಪು ಹಿಡಿದು ಹಾಡಬೇಕು, ಹಿಂದೆ ಇಬ್ಬರು ತಾಳ ಮತ್ತು ಒಂಟಿ ತಂತಿಯ ತುಂತುಣಿ ಹಿಡಿದು ಆ ಸಾಲನ್ನು ಎತ್ತಿಕೊಳ್ಳಬೇಕು. ಅವರ ಹಿಂದೆ, ಜನರಿಗೆ ಅರ್ಧ ಕಾಣುವ ಹಾಗೆ, ಪದ ಕಟ್ಟಿದವನು ಕೂತಿರುತ್ತಾನೆ. ಎದುರಿನವರು ಹೊಸ ಸವಾಲು ಹಾಕಿದರೆ, ಹಾಡುವವಳಿಗೆ ಸಾಲು ಮರೆತರೆ, ಅವನು ಬಗ್ಗಿ ಅವಳ ಕಿವಿಗೆ ಸಾಲು ಕೊಡಬೇಕು. ಹೀಗೆ ಕೊಟ್ಟ ಸಾಲು ಸರಿಯೋ ತಪ್ಪೋ ಹಿಮ್ಮೇಳದವರು ನೋಡುವಂತಿಲ್ಲ. ಕಿವಿಗೆ ಬಿದ್ದ ಕೂಡಲೇ ಎತ್ತಿ ಹಾಡಲೇಬೇಕು. ಯಾಕೆಂದರೆ ತುಂತುಣಿ ಮೂರು ಸುತ್ತು ಬರಿದೇ ಬಾರಿಸಿದರೆ ಪದ ಬಿತ್ತೆಂದು ಲೆಕ್ಕ. ಎದುರಿನವನು ಎದ್ದು ಡಪ್ಪು ಬಡಿದುಬಿಡುತ್ತಾನೆ, ಸೋತ ಹಾಗೆಯೇ.

ಇನ್ನು ಪದದ ಕೊನೆಗೆ ಅಂಕಿತ. ಯಾವ ಊರಿನ ಪದ, ಯಾವ ಗುರುವಿನ ಕೃಪೆ, ಕಟ್ಟಿದವರು ಯಾರು, ಇಷ್ಟೂ ಆ ಒಂದು ಸಾಲಿನಲ್ಲಿ ಬರಬೇಕು. ಹಾಡುವವರ ಹೆಸರು ಅದರಲ್ಲಿ ಬರುವುದಿಲ್ಲ. ನನ್ನ ಗುರು ದಾವಲಜ್ಜ ಹೇಳುತ್ತಿದ್ದ: "ಹಾಡವರು ಕಾಲುವಿ. ಕಾಲುವಿಗೆ ನೀರಿನ ಮ್ಯಾಲ ಹಕ್ಕಿಲ್ಲ, ಬಾವಿಗೈತಿ." ಆ ಮಾತನ್ನು ನಾನು ಸತ್ಯವೆಂದೇ ನಂಬಿದ್ದೆ. ಬಾವಿ ನಾನಾಗಿದ್ದಾಗ ನಂಬುವುದು ಕಷ್ಟವೂ ಆಗಿರಲಿಲ್ಲ.

ಅವಳು ನಮ್ಮ ಮೇಳಕ್ಕೆ ಬಂದಾಗ ಮೆಣಸಿನಕಾಯಿ ಪೇಟೆಯಲ್ಲಿ ತುಂಬು ಮುರಿಯುವ, ಅಂದರೆ ಕಾಯಿಯ ತೊಟ್ಟು ಬಿಡಿಸುವ ಕೆಲಸ ಮಾಡುತ್ತಿದ್ದಳು. ಗಂಡ ತೀರಿಕೊಂಡಿದ್ದ, ಮಗಳು ಸಣ್ಣವಳು. ಮೆಣಸಿನಕಾಯಿ ರಾಶಿಯ ನಡುವೆ ನಾವೆಲ್ಲ ಮೂಗು ಮುಚ್ಚಿಕೊಂಡು ಓಡಾಡುವಾಗ ಅವಳು ಅಲ್ಲಿ ಕೂತು ಹಾಡುತ್ತಿದ್ದಳು. ಆ ಘಾಟಿನಲ್ಲಿ ಕೆಡದ ಕಂಠ ಇನ್ನೆಲ್ಲಿಯೂ ಕೆಡುವುದಿಲ್ಲ ಎಂದು ನಾನೇ ಕರೆತಂದೆ. ಪೇಟೆಯಲ್ಲಿ ಅವಳಿಗೆ ಪಾರವ್ವ ಅನ್ನುತ್ತಿದ್ದರು. ಪಾರವ್ವ ಅಂದರೆ ಯಾರು ಕೇಳುತ್ತಾರೆ? ಏಳನೆಯ ಇಯತ್ತೆಯ ಪಾಠವೊಂದರಲ್ಲಿ ಒಬ್ಬ ರಾಣಿ ಬರುತ್ತಿದ್ದಳು, ಇಂದುಮತಿ ಅಂತ. ನಾನು ಕಲಿತ ಸಾಲೆ ಅಲ್ಲಿಗೇ ಮುಗಿದಿದ್ದರಿಂದ ಆ ಹೆಸರು ತಲೆಯಲ್ಲಿ ಉಳಿದಿತ್ತು. ಮೊದಲ ದಿನವೇ ಮಂದಿಯ ಮುಂದೆ "ಇಂದುಮತಿ ಮೇಳ" ಎಂದು ಸಾರಿಬಿಟ್ಟೆ. ಒಪ್ಪಿಗೆಯೇ ಎಂದು ಕೇಳಲಿಲ್ಲ. ಎತ್ತು ಕೊಂಡವರು ಹೆಸರಿಡುವಾಗ ಎತ್ತನ್ನು ಕೇಳುತ್ತಾರೆಯೇ? ಈ ಮಾತು ಆಗ ಹೇಳಿ ಎಲ್ಲರನ್ನೂ ನಗಿಸಿದ್ದೆ. ಈಗ ಬರೆಯುವಾಗ ಕೈಗೆ ಹೇಸಿಗೆಯಾಗುತ್ತದೆ, ಆದರೂ ಹೇಳಿದ್ದು ಹೇಳಿದ್ದೇ.

ಹದಿನಾಲ್ಕು ವರ್ಷದಲ್ಲಿ ಅವಳ ಹೆಸರು ಸುತ್ತಲಿನ ನಲವತ್ತು ಊರಿಗೆ ಹಬ್ಬಿತು. ಹೆಂಗಸರು ಇಂದಕ್ಕ ಇಂದಕ್ಕ ಎಂದು ಮುತ್ತುತ್ತಿದ್ದರು. ನನ್ನ ಪದಗಳನ್ನು ಕೇಳಿ, "ಹೆಣ್ಣಿನ ಒಳಗ ಹೊಕ್ಕು ಬರದಾನ ನೋಡು" ಎಂದು ಜನ ನನ್ನನ್ನು ಹೊಗಳುತ್ತಿದ್ದರು. ಹೇಗೆ ಹೊಕ್ಕೆ ಎಂಬುದನ್ನು ಹೇಳಿಬಿಡುತ್ತೇನೆ. ಸಂಜೆ ಅವಳ ಅಂಗಳದಲ್ಲಿ ಕೂತು ಚಹಾ ಕುಡಿಯುತ್ತಿದ್ದೆ. ಅವಳು ಕಾಳು ಹಸನು ಮಾಡುತ್ತ, ಬೀಸುತ್ತ, ಏನಾದರೂ ಅನ್ನುತ್ತಿದ್ದಳು. "ಅತ್ತಿ ಮನಿ ಹೊಸ್ತಿಲಕ್ಕ ನನ್ನ ಹಿಮ್ಮಡ ಗೊತ್ತು, ಮುಖ ಗೊತ್ತಿಲ್ಲ" ಅಂದಳು ಒಮ್ಮೆ. ಮನೆಗೆ ಬಂದು ಅದನ್ನೇ ಪದಕ್ಕೆ ಇಳಿಸಿದೆ. ಕದ್ದೆ ಅನ್ನುವ ಮಾತನ್ನು ನಾನು ಅವತ್ತೂ ಒಪ್ಪಿರಲಿಲ್ಲ, ಇವತ್ತೂ ಪೂರ್ತಿ ಒಪ್ಪುವುದಿಲ್ಲ. ಚದುರಿದ್ದನ್ನು ತಾಳಕ್ಕೆ ಕೂಡಿಸುವುದೂ ಕೆಲಸವೇ. ಆದರೆ ಜನ ಯಾವ ಸಾಲಿಗೆ ಅಳುತ್ತಿದ್ದರೋ ಆ ಸಾಲು ಅವಳದಾಗಿರುತ್ತಿತ್ತು. ಯಾವ ಸಾಲಿಗೆ ವೀಳ್ಯದೆಲೆ ಬಾಯಿಗಿಟ್ಟುಕೊಳ್ಳುತ್ತಿದ್ದರೋ ಅದು ನನ್ನದು.

ಕೇಳುವ ರೋಗ ಅವಳಿಗೆ ಹತ್ತಿದ್ದು ಮಗಳ ಮದುವೆಯಾದ ಮೇಲೆ. ನಮ್ಮ ಕಡೆ ಸೊಸೆಯನ್ನು ಮನೆ ತುಂಬಿಸಿಕೊಳ್ಳುವಾಗ ತಾಟಿನಲ್ಲಿ ಅಕ್ಕಿ ಹರವಿ, ಅದರಲ್ಲಿ ಉಂಗುರದ ಬೆರಳಿನಿಂದ ಹೊಸ ಹೆಸರು ಬರೆಯುವ ಪದ್ಧತಿಯಿದೆ. ಅಂದಿನಿಂದ ಆ ಮನೆಯಲ್ಲಿ ಅದೇ ಹೆಸರು. ಅವಳ ಮಗಳು ಕಸ್ತೂರಿ. ಮದುವೆಯಾಗಿ ತಿಂಗಳಿಗೆ ಮಗಳನ್ನು ನೋಡಿಬರಲು ಹೋದವಳು ಮರುದಿನವೇ ಹಿಂದಿರುಗಿದಳು. ಯಾಕೆಂದು ಕೇಳಿದ್ದಕ್ಕೆ, "ಬಾಗಲದಾಗ ನಿಂತು ಕಸ್ತೂರೀ ಅಂದ್ನಿ ಮಾಸ್ತರ. ಓಡಿ ಬಂದು ನನ್ನ ಬಾಯಿ ಮುಚ್ಚಿದಳು. ಅವ್ವಾ, ಇಲ್ಲಿ ಹಂಗ ಕರೀಬ್ಯಾಡ, ಅತ್ತಿ ಸಿಟ್ಟಾಗ್ತಾಳ, ಸುಶೀಲಾ ಅನ್ನು ಅಂದಳು" ಎಂದಳು.

"ಅದರಾಗೇನೈತಿ? ಎಲ್ಲಾರಿಗೂ ಇಡತಾರ," ಅಂದೆ.

"ಹೌದ್ರಿ. ಎಲ್ಲಾರಿಗೂ ಇಡತಾರ," ಅಂದಳು. ಚಹಾದ ಬಟ್ಟಲು ಎತ್ತಿಕೊಂಡು ಒಳಗೆ ಹೋದಳು. ಆ ಸಂಜೆ ಪದಕ್ಕೆ ಬೇಕಾದ ಒಂದು ಮಾತೂ ಸಿಗಲಿಲ್ಲವೆಂದು ನಾನು ಗೊಣಗುತ್ತ ಮನೆಗೆ ಹೋದೆ.

ಆಕಾಶ ಹಡೆಯುವ ಜಗಳವಾದದ್ದು ಆಮೇಲೆ. ಅಮಾವಾಸ್ಯೆಗೆ ಪೇಟೆ ಬಂದ್ ಇರುತ್ತದೆ. ಆ ದಿನ ಹಮಾಲರೆಲ್ಲ ಸೇರಿ ಪೇಟೆಯ ಅಂಗಳದಲ್ಲಿಯೇ ಹಾಡಿಕೆ ಇಟ್ಟಿದ್ದರು. ಎದುರಿಗೆ ಹರದೇಶಿಯ ದುಂಡಪ್ಪ. ಇವನ ಗುರು ನನ್ನ ಗುರುವನ್ನು ಒಮ್ಮೆ ನಡುಪದದಲ್ಲಿ ಕೆಡವಿ, "ಅಜ್ಜಾ, ಮನೀಗಿ ಹೋಗಿ ಗಂಜಿ ಕುಡಿ" ಅಂದಿದ್ದ. ದಾವಲಜ್ಜ ಆಮೇಲೆ ಹಾಡಲಿಲ್ಲ. ನನಗೆ ಆ ಗೆಲುವು ಬೇಕಿತ್ತು. ಊಟ ನಿದ್ದೆ ಬಿಟ್ಟು ಹನ್ನೊಂದು ಪದ ಕಟ್ಟಿದ್ದೆ, ಎಲ್ಲವೂ ಶಕ್ತಿಯ ಮಹಿಮೆ. ಅವಳು ಒಂದನ್ನೂ ಸರಿಯಾಗಿ ಬಾಯಿಗೆ ಹಚ್ಚಿಕೊಳ್ಳಲಿಲ್ಲ.

ಅಮಾವಾಸ್ಯೆಗೆ ಎಂಟು ದಿನ ಇರುವಾಗ ತಾಲೀಮಿಗೆ ಬಂದವಳು, "ನಾ ಒಂದ ಪದಾ ಮಾಡೀನಿ, ಕೇಳ್ರಿ" ಅಂದಳು. ಮೆಣಸಿನಕಾಯಿ ತುಂಬು ಮುರಿಯುತ್ತ ಕಟ್ಟಿದ್ದಂತೆ. ಬರೆಯಲು ಬರುವುದಿಲ್ಲ, ಆದ್ದರಿಂದ ಒಂದೊಂದು ಸಾಲನ್ನು ಒಂದೊಂದು ದಿನವಿಡೀ ಹೇಳಿಕೊಂಡು ಗಟ್ಟಿ ಮಾಡಿದ್ದಳು. ಡಪ್ಪು ಕೆಂಡದ ಮೇಲೆ ಆಡಿಸಿ ಬಿಗಿ ನೋಡಿಕೊಂಡಳು. ಹಾಡಿದಳು.

ಅಪ್ಪನ ಹೆಸರ ಕೇಳಿದರ ಬಾವಿಕಟ್ಟಿ ಮ್ಯಾಲ ಹೇಳೀನಿ
ಗಂಡನ ಹೆಸರ ಕೇಳಿದರ ಒಡಪಿನ್ಯಾಗ ಒಡದ ಹೇಳೀನಿ
ಊರಿನ ಹೆಸರ ಕೇಳಿದರ ಡಪ್ಪ ಬಡದ ಹೇಳೀನಿ
ನನ್ನ ಹೆಸರ ಕೇಳವರಿಲ್ಲ, ಬಾಯಾಗಿಟ್ಟ ಬಾಳೀನಿ

ಮಕ್ತುಮಸಾಬನಿಗೆ ಗೀ ಗೀ ಎನ್ನುವುದು ಮರೆತುಹೋಯಿತು. ಬಾಳಪ್ಪನ ತುಂತುಣಿ ತಾನೇ ನಿಂತಿತು. ನನಗೂ ಎದೆಯಲ್ಲಿ ಏನೋ ಹಾಯಿತು. ಆದರೆ ನನಗೆ ಏನಾದರೂ ಹಾಯ್ದರೆ ಮೊದಲು ಬರುವುದು ಸಿಟ್ಟು. ಹುಟ್ಟಿದ್ದೇ ಹಾಗೆ. ಎರಡನೆಯ ನುಡಿ ಅವಳು ಹಾಡುವಾಗ ನಾನು ಬೆರಳ ಮೇಲೆ ಮಾತ್ರೆ ಎಣಿಸುತ್ತಿದ್ದೆ.

ಅಕ್ಕಿ ತಾಟಿನ್ಯಾಗ ಬೆರಳ ಆಡಿಸಿ ಬರದಿಟ್ಟರ ಒಂದ
ಹಾಡಿನ ಮನಿಗಿ ಬಂದರ ಅಲ್ಲೂ ಇಟ್ಟರ ಮತ್ತೊಂದ
ಕರದವರಿಗೆಲ್ಲ ಓ ಅಂದೀನಿ, ಓಡಿ ಓಡಿ ಹೋಗೀನಿ
ಹೊಳ್ಳಿ ನೋಡಿದರ ಯಾರೂ ಕರೀದಾಕಿ, ಅಲ್ಲೇ ನಾನ ನಿಂತೀನಿ

"ಎರಡನೇ ಸಾಲಿನ್ಯಾಗ ಮಾತ್ರಿ ಹೆಚ್ಚಾತು," ಅಂದೆ.

"ಆಗಲಿ ಬಿಡ್ರಿ. ನಂಗ ಅಷ್ಟ ಬೇಕಾಗೇತಿ."

"ಬೇಕಾಗೇತಿ ಅಂತ ತಾಳ ಅಗಲ ಆಕ್ಕೈತೇನು? ಮತ್ತ ಇದರಾಗ ಶಕ್ತಿ ಎಲ್ಲೈತಿ? ಗಂಡಿಗಿಂತ ಹೆಣ್ಣು ಹೆಚ್ಚು ಅನ್ನೂದು ಎಲ್ಲೈತಿ? ದುಂಡಪ್ಪ ನಕ್ಕು ಸಾಯ್ತಾನ. ಇದು ಸವಾಲಿನ ಪದ ಅಲ್ಲ, ಬೀಸುಕಲ್ಲಿನ ಮುಂದ ಅಳೂ ಪದ."

"ಕವಿಗಳ," ಮಕ್ತುಮಸಾಬ ಅಂದ. ನನ್ನ ಮೇಲೆ ಬೇಸರವಾದಾಗಲೆಲ್ಲ ಅವನು ಹಾಗೆ ಕರೆಯುತ್ತಿದ್ದ. "ನಿಮ್ಮ ಹನ್ನೊಂದು ಪದ ಒಂದ ತಕ್ಕಡ್ಯಾಗ ಇಡ್ರಿ, ಈ ಎರಡು ನುಡಿ ಒಂದ ತಕ್ಕಡ್ಯಾಗ ಇಡ್ರಿ. ಯಾವ ಕಡಿ ಜಗ್ಗತೈತಿ ಅಂತ ನಾ ಹೇಳಂಗಿಲ್ಲ. ನಂಗೂ ಹೊಟ್ಟಿ ಐತಿ, ಮೇಳ ಬೇಕು."

ಕೊನೆಗೆ ಒಪ್ಪಿದೆ. ಹಾಡಲಿ. ಆಗ ಅಂಕಿತದ ಮಾತು ಬಂತು. ಊರು ಹಾಕು, ದಾವಲಜ್ಜನ ಹೆಸರು ಹಾಕು, ಕಟ್ಟಿದವನೆಂದು ನನ್ನ ಹೆಸರು ಹಾಕು ಅಂದೆ. ಯಾವ ಸಂಕೋಚವೂ ಇಲ್ಲದೆ ಅಂದೆ, ಇಷ್ಟು ವರ್ಷ ಹಾಗೆಯೇ ನಡೆದಿತ್ತು.

ಅವಳು ಡಪ್ಪು ಕೆಳಗಿಟ್ಟಳು.

"ಊರು ಹಾಕತೀನಿ. ಅಜ್ಜಗ ಕೈ ಮುಗೀತೀನಿ. ಕಟ್ಟಿದಾಕಿ ನಾನ. ನನ್ನ ಹೆಸರ ಹಾಕತೀನಿ."

"ಹಾಡವರ ಹೆಸರು ಅಂಕಿತದಾಗ ಬರೂದಿಲ್ಲ! ಇದು ಈ ಮೇಳದ ಕಾಯ್ದೆ."

"ಮಾಸ್ತರ, ಹನ್ನೊಂದು ಪದಾ ನಿಮ್ಮ ಹೆಸರಲೆ ಹಾಡತೀನಿ. ಆಕಾಶಾನೂ ಹಡೀತೀನಿ, ಬೇಕಾದ್ರ ಅವಳಿ ಜವಳಿ ಹಡೀತೀನಿ. ಇದೊಂದು ಬಿಡ್ರಿ."

ಎರಡು ದಿನ ಜಗಳವಾಡಿದೆವು. ಮೂರನೆಯ ದಿನ ಅವಳು ತಾಲೀಮಿಗೆ ಬರಲಿಲ್ಲ. ನಾಲ್ಕನೆಯ ದಿನವೂ ಇಲ್ಲ. ಅಮಾವಾಸ್ಯೆ ಹತ್ತಿರ ಬಂತು. ಮಕ್ತುಮಸಾಬ ನನ್ನ ಮನೆಗೆ ಬಂದು, ಕೂಡದೆ, ನಿಂತಲ್ಲಿಂದಲೇ ಅಂದ: "ಬಾವಿ ಬಾವಿ ಅಂತೀರಿ. ಬಾವ್ಯಾಗ ನೀರು ಎಲ್ಲಿಂದ ಬರತೈತಿ ಅಂತ ಒಮ್ಮೆರ ಇಣಿಕಿ ನೋಡೀರೇನ್ರಿ?" ಇಷ್ಟು ಹೇಳಿ ಹೊರಟುಹೋದ.

ಅವಳ ಅಂಗಳಕ್ಕೆ ಹೋದೆ. ಸೋಲಿನ ಭಯಕ್ಕೆ ಹೋದೆನೇ ಹೊರತು ನ್ಯಾಯಕ್ಕಲ್ಲ, ಅದನ್ನು ಮುಚ್ಚಿಡುವುದಿಲ್ಲ. "ಆತು ಮಾರಾಯ್ತಿ, ಹಾಕೋ ನಿನ್ನ ಹೆಸರ," ಅಂದೆ.

ಕೈಯಲ್ಲಿದ್ದ ಮೊರ ಹಾಗೆಯೇ ನಿಂತಿತು. "ನನ್ನ ಹೆಸರ?"

"ನಿನ್ನ ಹೆಸರ. ಮತ್ತ ಹತ್ತ ಸಲ ಹೇಳಿಸಬ್ಯಾಡ."

"ಡಪ್ಪು ಮುಟ್ಟಿ ಹೇಳ್ರಿ."

ಮುಟ್ಟಿ ಹೇಳಿದೆ. ಅವಳು ಒಂದು ಗಳಿಗೆ ನನ್ನನ್ನೇ ನೋಡಿದಳು. ಏನೋ ಕೇಳಲಿ ಎಂದು ಕಾಯುವವರ ನೋಟ ಅದು. ನಾನು ಕೇಳಲಿಲ್ಲ. ನಾಳೆಯಿಂದ ತಾಲೀಮು ಎಷ್ಟು ಹೊತ್ತಿಗೆ ಎಂದು ಹೇಳಿ ಎದ್ದೆ.

ತಾಲೀಮಿನಲ್ಲಿ ಅವಳು ಆ ಪದವನ್ನು ಅಂಕಿತದ ತನಕ ಹಾಡಿ ನಿಲ್ಲಿಸುತ್ತಿದ್ದಳು. "ಕಡೀ ಸಾಲು ಆ ದಿನಾನ ಹಾಡತೀನಿ," ಅನ್ನುತ್ತಿದ್ದಳು. ಇದೊಂದು ಹೊಸ ಬಿಂಕ ಅಂದುಕೊಂಡೆ. ಅದರಲ್ಲಿ ಬಚ್ಚಿಡುವುದೇನಿದೆ, ನಾಲ್ಕು ಅಕ್ಷರದ ಹೆಸರು, ನಾನೇ ಇಟ್ಟದ್ದು.

ಅಮಾವಾಸ್ಯೆಯ ಮಧ್ಯಾಹ್ನ ಪೇಟೆಯ ಅಂಗಳ ತುಂಬಿತ್ತು. ಚೀಲದ ಒಟ್ಟಿಲಿನ ಮೇಲೆ, ಚಕ್ಕಡಿಗಳ ಮೇಲೆ, ಅಡತಿ ಅಂಗಡಿಗಳ ಕಟ್ಟೆಯ ಮೇಲೆ ಜನ. ತುಂಬು ಮುರಿಯುವ ಹೆಂಗಸರೆಲ್ಲ ಒಂದು ಕಡೆ ಕೂತಿದ್ದರು. ಅವತ್ತು ಅವರ ಬೆರಳಿಗೆ ಬಿಡುವು. ಮೂಲೆಯಲ್ಲಿ ದಂಟು ಹಚ್ಚಿ ಎರಡೂ ಮೇಳದವರು ಡಪ್ಪು ಕಾಯಿಸಿಕೊಂಡರು. ದುಂಡಪ್ಪ ತನ್ನ ಡಪ್ಪು ಅವಳ ಪಕ್ಕಕ್ಕೆ ಹಿಡಿದು, "ಏನಬೇ ಇಂದುಮತಿ, ಇವತ್ತ ಮಾಸ್ತರ ಎಷ್ಟು ಸಾಲು ಉಣಿಸ್ಯಾನ? ಅಜೀರಣ ಆಗೀತು ನೋಡು," ಅಂದ. ಅವಳು ಅವನ ಕಡೆ ನೋಡದೆ, "ಕಿಡಿ ಹಾರೀತು, ಮೀಸಿ ಹಿಂದ ಸರಸೋ ಯಣ್ಣಾ," ಅಂದಳು. ಸುತ್ತಲಿನವರು ಘೊಳ್ಳೆಂದರು.

ಹಾಡಿಕೆ ಶುರುವಾಯಿತು. ಎರಡು ತಾಸು ಸಮಸಮ ನಡೆಯಿತು. ಅವಳು ಮಾತಿಗೆ ತಪ್ಪದೆ ನನ್ನ ಪದಗಳನ್ನೆಲ್ಲ ಹಾಡಿದಳು. ಆಕಾಶವನ್ನೂ ಹಡೆದಳು. ಕೊನೆಗೆ ದುಂಡಪ್ಪ ಮುಂದೆ ಬಂದು, ನನ್ನ ಕಡೆ ಬೆರಳು ತೋರಿಸಿ, ನನ್ನ ಕಣ್ಣಲ್ಲಿ ಕಣ್ಣಿಟ್ಟು ಸವಾಲು ಹಾಕಿದ.

ಹೆಣ್ಣ ಹೆಚ್ಚ ಅಂತ ಹಾಡತಿ ನೀನ, ಹಿಂದ ಕುಂತಾನ ಗಂಡ ಒಬ್ಬ
ಅವ ಕೊಟ್ಟದ್ದ ಉಂಡ ಅವ ಅಂದದ್ದ ಅಂದಿ, ನಿಂದ ಅಂಬೂದೇನ ಹೇಳಬೆ

ಜನ ಹೋ ಎಂದರು. ಇದಕ್ಕೆ ನನ್ನ ಹತ್ತಿರ ಜವಾಬಿರಲಿಲ್ಲ. ಸಿಕ್ಕಿದ ಒಂದು ಸಾಲನ್ನು ಬಗ್ಗಿ ಅವಳ ಕಿವಿಗೆ ಕೊಡಲು ಹೋದೆ. ಅವಳು ಎಡಗೈ ಹಿಂದೆ ಚಾಚಿ ನನ್ನನ್ನು ತಡೆದಳು. ಡಪ್ಪು ಎತ್ತಿ ತನ್ನ ಪದ ಹಿಡಿದಳು.

ಅಪ್ಪನ ಹೆಸರ ಅನ್ನುವಲ್ಲಿಗೆ ಜನ ಇನ್ನೂ ಗದ್ದಲ ಮಾಡುತ್ತಿದ್ದರು. ಗಂಡನ ಹೆಸರ ಅನ್ನುವಲ್ಲಿ ಹೆಂಗಸರು ನಕ್ಕರು, ಗಂಡನ ಹೆಸರನ್ನು ಪ್ರಾಸದ ಒಡಪಿನಲ್ಲಿ ಹೇಳುವುದು ಅವರಿಗೆ ಗೊತ್ತು. ನನ್ನ ಹೆಸರ ಕೇಳವರಿಲ್ಲ ಅನ್ನುವಲ್ಲಿ ನಗು ಅರ್ಧಕ್ಕೆ ನಿಂತಿತು. ಎರಡನೆಯ ನುಡಿಗೆ ಬಂದಾಗ ಅಷ್ಟು ದೊಡ್ಡ ಪೇಟೆಯಲ್ಲಿ ಪಾರಿವಾಳಗಳು ಕಾಳು ಹೆಕ್ಕುವ ಸಪ್ಪಳ ಕೇಳಿಸುತ್ತಿತ್ತು. ತುಂಬು ಮುರಿಯುವ ಒಬ್ಬ ಮುದುಕಿ ಎದ್ದು ನಿಂತಿದ್ದಳು, ಯಾಕೆ ಎದ್ದಳೆಂದು ಅವಳಿಗೂ ತಿಳಿದಿರಲಿಕ್ಕಿಲ್ಲ. ಗೆದ್ದೆವು ಎಂದು ನನಗೆ ಗೊತ್ತಾಯಿತು. ಇನ್ನು ಅಂಕಿತ ಒಂದೇ. ಊರು ಹೇಳಿದಳು. ದಾವಲಜ್ಜನಿಗೆ ಕೈ ಮುಗಿದಳು. ಹೆಸರು ಬರಬೇಕಾದಲ್ಲಿಗೆ ಬಂದು ನಿಂತಳು.

ತುಂತುಣಿ ಒಂದು ಸುತ್ತು ಹೋಯಿತು.

ನನಗೆ ಕಾಣುತ್ತಿದ್ದದ್ದು ಅವಳ ಬೆನ್ನು, ಕುತ್ತಿಗೆ. ಕುತ್ತಿಗೆಯ ನರ ಎದ್ದಿತ್ತು. ಉಸಿರು ತೆಗೆದುಕೊಂಡು ಮತ್ತೆ ಬಿಟ್ಟಳು. ಎರಡನೆಯ ಸುತ್ತು. ದುಂಡಪ್ಪ ಎದ್ದು ನಿಂತು ಡಪ್ಪಿನ ಮೇಲೆ ಕೈ ಎತ್ತಿದ್ದ. ಮರೆತಳು ಅಂದುಕೊಂಡೆ. ಅಂದುಕೊಂಡೆ ಅನ್ನುವುದೂ ಸರಿಯಲ್ಲ, ಹದಿನಾಲ್ಕು ವರ್ಷದ ರೂಢಿ ಅದು, ಅವಳು ನಿಂತರೆ ನಾನು ಬಗ್ಗುವುದು. ಮೂರನೆಯ ಸುತ್ತು ಮುಗಿಯುವ ಮೊದಲು ಬಗ್ಗಿ ಸಾಲು ಕೊಟ್ಟೆ: "ಇಂದುಮತಿ ಕಟ್ಟಿ ಹಾಡ್ಯಾಳ."

ಮಕ್ತುಮಸಾಬ, ಬಾಳಪ್ಪ ಅದನ್ನು ಎತ್ತಿಕೊಂಡುಬಿಟ್ಟರು. ಅವರ ತಪ್ಪಿಲ್ಲ, ಕಿವಿಗೆ ಬಿದ್ದದ್ದನ್ನು ಎತ್ತುವುದೇ ಅವರ ಕೆಲಸ. ಇಂದುಮತಿ ಕಟ್ಟಿ ಹಾಡ್ಯಾಳ, ಗೀಯ ಗಾ ಗೀ ಗೀ. ಜನವೂ ಎತ್ತಿಕೊಂಡರು. ಚೀಲದ ಮೇಲಿನವರು, ಚಕ್ಕಡಿಯ ಮೇಲಿನವರು, ಹೆಂಗಸರು, ಎಲ್ಲರೂ. ಅವಳ ಬಾಯಿ ತೆರೆದಿತ್ತು. ಏನೋ ಅಂದಳು ಕೂಡ. ತುಟಿ ಆಡಿದ್ದನ್ನು ಪಕ್ಕದಿಂದ ಕಂಡೆ. ಆ ಗದ್ದಲದಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಇಡೀ ಪೇಟೆ ಇಂದುಮತಿ ಇಂದುಮತಿ ಅನ್ನುತ್ತಿತ್ತು.

ದುಂಡಪ್ಪನೇ ಬಂದು ನಮ್ಮ ಡಪ್ಪಿಗೆ ಜರತಾರಿ ತುರಾಯಿ ಕಟ್ಟಿದ. ಸೋತವನು ಕಟ್ಟಬೇಕೆಂಬುದು ಪದ್ಧತಿ. ಹಮಾಲರು ನನ್ನನ್ನು ಹೆಗಲ ಮೇಲೆ ಎತ್ತಿದರು. ಕೆಳಗಿಳಿದು ನೋಡಿದರೆ ಅವಳು ಕೆಂಡ ಆರಿದ್ದ ಮೂಲೆಯಲ್ಲಿ ತುರಾಯಿ ಬಿಚ್ಚುತ್ತಿದ್ದಳು. ಗಂಟು ಬಿಗಿಯಿತ್ತು, ಹಲ್ಲಿನಿಂದ ಬಿಚ್ಚಿದಳು.

"ಏನ ಮಾಡಾಕ ಹತ್ತೀದಿ? ಗೆದ್ದೀವಿ!"

"ನೀವು ಗೆದ್ರಿ," ಅಂದಳು. "ಅಜ್ಜನ ಸೇಡು ತೀರಿತು. ಚಲೋ ಆತು."

"ನಿನ್ನ ಹೆಸರು ಹಾಕಲಿಲ್ಲೇನು? ನೀ ಮರತ ನಿಂತಿ, ನಾನ ಹಾಕಿದ್ನಿ! ನನ್ನ ಬಾಯಿಲೆ ನಿನ್ನ ಹೆಸರ ಅಂಕಿತಕ್ಕ ಹಾಕೀನಿ, ಮತ್ತೂ ಮುಖ ಉಬ್ಬಸ್ಕೊಂಡು ನಿಂತೀದಿ. ನಿಂಗ ಏನ ಮಾಡಿದ್ರ ಸಮಾಧಾನ?"

ನಾನು ಕೂಗಾಡುತ್ತಿದ್ದೆ. ಜನ ನೋಡುತ್ತಿದ್ದರು. ಅವಳು ಕೂಗಲಿಲ್ಲ.

"ನಾ ಮರತಿರಲಿಲ್ಲ ಮಾಸ್ತರ. ಮೂವತ್ತು ವರ್ಷ ಆಗಿತ್ತು ಆ ಹೆಸರ ಬಾಯಿಲೆ ಅಂದು. ಹೊರಗ ಬರಾಕ ಒಂದೀಟು ವ್ಯಾಳ್ಯಾ ಬೇಕಾತು. ಬರಾಕ ಹತ್ತಿತ್ತು."

"ಯಾವ ಹೆಸರ?"

"ಪಾರವ್ವ ಅತ್ತಿ ಇಟ್ಟದ್ದು. ಇಂದುಮತಿ ನೀವು ಇಟ್ಟದ್ದು. ನನ್ನ ಹಡದಾಕೀನೂ ಒಂದ ಇಟ್ಟಿದ್ಲು."

ಅವಳು ಹಾಡಿದ್ದ ಎರಡನೆಯ ನುಡಿ, ನಾನು ಬೆರಳ ಮೇಲೆ ಎಣಿಸಿದ್ದ ನುಡಿ, ಆಗ ನನಗೆ ಅರ್ಥವಾಯಿತು. ಎಂಟು ದಿನ ಕೇಳಿ, ಜಗಳವಾಡಿ, ಎಲ್ಲರಿಗಿಂತ ಕೊನೆಗೆ ಅರ್ಥವಾದದ್ದು ಪದ ಕಟ್ಟುವವನೆಂದು ಹೆಸರಾದ ನನಗೆ. ಆಗಲಾದರೂ ತಲೆ ತಗ್ಗಿಸಬೇಕಿತ್ತು. ಆದರೆ ನನ್ನ ಬಾಯಿ!

"ಹೇಳಬೇಕಾಗಿತ್ತು! ಬಾಯಿ ಇರಲಿಲ್ಲೇನು? ಏನದು, ಈಗರ ಹೇಳು!"

"ಕೇಳೂ ಹೊತ್ತಿನ್ಯಾಗ ನೀವು ತಾಲೀಮು ಎಷ್ಟಕ್ಕ ಅಂತ ಹೇಳಿ ಎದ್ರಿ," ಅಂದಳು. ತುರಾಯಿಯನ್ನು ನನ್ನ ಕೈಯಲ್ಲಿಟ್ಟಳು. ಡಪ್ಪನ್ನು ಮಕ್ತುಮಸಾಬನ ಕಾಲ ಹತ್ತಿರ ಇಟ್ಟು ಅದಕ್ಕೆ ಕೈ ಮುಗಿದಳು. ಮಕ್ತುಮಸಾಬ, "ತಂಗೀ," ಅಂದ.

ಆ ಪದವನ್ನು ಈಗ ಎಲ್ಲರೂ ಹಾಡುತ್ತಾರೆ. ಮದುವೆಯ ಮನೆಯಲ್ಲಿ, ಹತ್ತಿ ಬಿಡಿಸುವ ಹೊಲದಲ್ಲಿ, ಸಾಲೆಯ ಹುಡುಗಿಯರು ಕೂಡ. ಹೆಂಗಸರು ಅದನ್ನು ಹಾಡುತ್ತ ಹಾಡುತ್ತ ತಮ್ಮೊಳಗೆ ಏನನ್ನೋ ನೋಡಿಕೊಂಡವರ ಹಾಗೆ ನಡುವೆ ಸುಮ್ಮನಾಗುವುದನ್ನು ನಾನೇ ಕಂಡಿದ್ದೇನೆ. ಕೊನೆಗೆ ಇಂದುಮತಿ ಕಟ್ಟಿ ಹಾಡ್ಯಾಳ ಎಂದು ಮುಗಿಸುತ್ತಾರೆ. ತಪ್ಪು ಅದು ಎಂದು ಒಂದೆರಡು ಕಡೆ ಎದ್ದು ಕೂಗಿದೆ. ಹಾಗಾದರೆ ಸರಿ ಯಾವುದು ಹೇಳ್ರಿ ಅಂದರು. ಇಡೀ ಪದದಲ್ಲಿ ನನ್ನದು ಅದೊಂದೇ ಸಾಲು.

ಆ ದಿನ ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಚೀಲಗಳ ಒಟ್ಟಿಲಿನ ನಡುವಿನ ದಾರಿ ಹಿಡಿದು ಪೇಟೆಯ ದೊಡ್ಡ ಬಾಗಿಲಿನ ಕಡೆ ನಡೆದಳು. ಅವಸರವಿರಲಿಲ್ಲ. ಜನ ದಾರಿ ಬಿಟ್ಟುಕೊಟ್ಟರು. ನಾನು ತುರಾಯಿ ಹಿಡಿದುಕೊಂಡೇ ನಾಲ್ಕು ಹೆಜ್ಜೆ ಹಿಂದೆ ಓಡಿ, "ಇಂದುಮತೀ!" ಎಂದು ಕೂಗಿದೆ. ನಡೆದೇ ಇದ್ದಳು. "ಪಾರವ್ವಾ! ಏ ಪಾರವ್ವಾ!" ಅಂದೆ. ಚೀಲದ ಮೇಲೆ ಕೂತವರು, ಚಕ್ಕಡಿಯ ಮೇಲೆ ನಿಂತವರು, ತುಂಬು ಮುರಿಯುವ ಹೆಂಗಸರು, ಪೇಟೆಗೆ ಪೇಟೆಯೇ ನನ್ನ ಕಡೆ ತಿರುಗಿ ನೋಡಿತು. ಇನ್ನೊಮ್ಮೆ ಕೂಗಲು ಬಾಯಿ ತೆರೆದೆ. ಕೂಗಲು ನನ್ನ ಹತ್ತಿರ ಬೇರೆ ಹೆಸರಿರಲಿಲ್ಲ. ಬಾಯಿ ಹಾಗೆಯೇ ತೆರೆದುಕೊಂಡು ನಿಂತೆ. ಅವಳು ಬಾಗಿಲು ದಾಟಿ, ಬಿಸಿಲಿಗೆ ಹರವಿದ ಮೆಣಸಿನಕಾಯಿಯ ಕೆಂಪಿನ ಅಂಚಿನಲ್ಲಿ ಸಣ್ಣವಳಾಗುತ್ತ ಹೋದಳು.